ಲುಪಾಂಡೊ ಮಾವನ ಬೂಟು

ಚಿಶಿ ದ್ವೀಪ
9 ಆಗಸ್ಟ್ 1993

ತಮ್ಮಾ ಕಟೊಂಗೊ,

ಅವ್ವ ನಿನ್ನೆ ದೋಣಿಯಿಂದ ಇಳಿದಳು. ಮುಫುಲಿರಾದಲ್ಲಿ ಮಾವನ ಸಾವಿನ ಕೆಲಸಗಳೆಲ್ಲ ಮುಗಿದವು, ಹಿರಿಯರು ನಿನ್ನ ಸೊಂಟಕ್ಕೆ ಮಾವನ ಬೆಲ್ಟು ಕಟ್ಟಿದರು, ಇನ್ನು ಮೇಲೆ ಲುಪಾಂಡೊ ಎಂದರೆ ನೀನೇ ಎಂದಳು. ಸತ್ತವರ ಹೆಸರು ನೆಲಕ್ಕೆ ಬೀಳಬಾರದು, ಸೋದರಳಿಯನೇ ಹೊರಬೇಕು, ಅದೆಲ್ಲ ನನಗೂ ಗೊತ್ತು. ಆದರೆ ನಾನು ನಿನ್ನನ್ನು ಮಾವ ಎಂದು ಕರೆಯಬೇಕಂತಲ್ಲೋ! ನಿನ್ನ ಮೂಗು ಒರೆಸಿದವಳು ನಾನು. ಹತ್ತು ವರ್ಷ ದೊಡ್ಡವಳು. ಊರವರು ಏನು ಬೇಕಾದರೂ ಅಂದುಕೊಳ್ಳಲಿ, ನಾನಂತೂ ಕರೆಯುವುದಿಲ್ಲ.

ಅವ್ವ ಮಾತ್ರ ಆಗಲೇ ಬದಲಾಗಿದ್ದಾಳೆ. ಅವಳಿಜವಳಿಯಾಗಿ ಹುಟ್ಟಿದ ಅಣ್ಣ ಸತ್ತ ದುಃಖ ಅವಳ ಮುಖದಲ್ಲಿ ಕಾಣುತ್ತಿಲ್ಲ. ಕೇಳಿದವರಿಗೆಲ್ಲ, "ನಮ್ಮಣ್ಣ ಎಲ್ಲಿ ಸತ್ತ? ಪಟ್ಟಣದಲ್ಲಿ ಅಂಗಡೀಲಿ ಕೂತಿದಾನೆ" ಎನ್ನುತ್ತಾಳೆ.

ಮಾವನ ಕೊನೆಯ ದಿನಗಳ ಬಗ್ಗೆಯೂ ಹೇಳಿದಳು. ಬಿಂದಿಗೆಗಟ್ಟಲೆ ನೀರು ಕುಡಿದರೂ ದಾಹ ತೀರುತ್ತಿರಲಿಲ್ಲವಂತೆ. ಹಿತ್ತಲಲ್ಲಿ ಅವರು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತಿದ್ದವಂತೆ. ಆಮೇಲೆ ಕಾಲು ಕಪ್ಪಾಯಿತಂತೆ. ಅಂಗಡಿ ಕಂಡು ಹೊಟ್ಟೆ ಉರಿದವರು ಮಾಟ ಮಾಡಿಸಿದ್ದು ಎನ್ನುತ್ತಾರಂತೆ ಕಸೂಬಾ ಅತ್ತೆ. ಇರಬಹುದು. ನೀನು ಹುಷಾರು. ಒಂದು ವರ್ಷ ಅಂಗಡಿ ನೋಡಿ, ಅತ್ತೆಗೊಂದು ದಾರಿ ಮಾಡಿ ವಾಪಸ್ ಬರುತ್ತೇನೆ ಅಂದಿದ್ದೀಯ. ನಿನ್ನ ಬಲೆ ಒಗೆದು ಮಡಿಸಿ ಇಟ್ಟಿದ್ದೇನೆ.

ನಿನ್ನ ಅಕ್ಕ,
ಮಲಾಮಾ


ಮುಫುಲಿರಾ
2 ಅಕ್ಟೋಬರ್ 1993

ಅಕ್ಕಾ,

ನೀನು ನನ್ನನ್ನು ಮಾವ ಎನ್ನುವುದಿಲ್ಲ ಎಂದು ಓದಿ ಅಂಗಡಿಯಲ್ಲೇ ನಕ್ಕುಬಿಟ್ಟೆ. ಸದ್ಯ, ಒಬ್ಬಳಾದರೂ ಇದ್ದೀಯಲ್ಲ. ಇಲ್ಲಿ ಮುದುಕರೂ ಬಗ್ಗಿ ನಮಸ್ಕಾರ ಹೇಳುತ್ತಾರೆ. ಇಪ್ಪತ್ತಾರಕ್ಕೇ ನಾನು ಹಿರೀಕನಾದೆ.

ಬೆಲ್ಟಿನ ಕಥೆ ಕೇಳು. ಅದಕ್ಕೆ ಏಳು ತೂತು. ತುದಿಯಿಂದ ಎರಡನೆಯದು ಮಾವನದು, ಅಲ್ಲಿ ಚರ್ಮ ಸವೆದು ಬೆಳ್ಳಗಾಗಿದೆ. ನನಗೆ ಏಳನೆಯದೂ ಸಡಿಲ! ಹಿರಿಯರು ಕಟ್ಟಿದಾಗ ಜಾರಿ ಮೊಣಕಾಲಿಗೆ ಬಂತು. ಅತ್ತೆ ಮೊಳೆ ಕಾಯಿಸಿ ಎಂಟನೆಯದೊಂದು ಚುಚ್ಚಿದರು. "ಇರಲಿ, ನಿಧಾನಕ್ಕೆ ತುಂಬ್ಕೋತಾರೆ" ಎಂದರು. ಯಾರು ತುಂಬಿಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ.

ಹೆಸರಿನ ಜೊತೆ ಹೆಂಡತಿಯನ್ನೂ ಪಡೆಯುವ ಹಳೆಯ ಪದ್ಧತಿಯನ್ನು ಪಾದ್ರಿಗಳು ಬಿಡಿಸಿದ್ದಾರಲ್ಲ, ನಾನು ಬಚಾವಾದೆ. ಆದರೆ ಮಾವನ ತಟ್ಟೆಯನ್ನು ಮಾತ್ರ ಯಾರೂ ಬಿಡಿಸಿಲ್ಲ. ಬೆಳಿಗ್ಗೆ ಅರ್ಧ ಪೌಂಡು ಬ್ರೆಡ್ಡು, ಮೇಲೆ ದಪ್ಪಕ್ಕೆ ಮಾರ್ಗರೀನು, ಆರು ಚಮಚ ಸಕ್ಕರೆಯ ಚಹಾ. ಮಧ್ಯಾಹ್ನ ನುಣ್ಣಗೆ ಬೀಸಿದ ಬಿಳಿ ಮೆಕ್ಕೆಜೋಳದ ಮುದ್ದೆ, ಎಣ್ಣೆಯಲ್ಲಿ ಮುಳುಗಿದ ಮಾಂಸ. ನಡುವೆ ಅಂಗಡಿಯ ಫ್ರಿಜ್ಜಿನಿಂದ ಕಿತ್ತಳೆ ಸೋಡಾ. ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಮಚ ಎಣಿಸುವಾಗ "ಎರಡು ಸಾಕತ್ತೆ" ಅಂದೆ. ಅತ್ತೆಯ ಕೈ ನಿಂತಿತು. "ಲುಪಾಂಡೊಗೆ ಆರು. ಎರಡಕ್ಕೆ ನಿಲ್ಸಿದ್ರೆ ಅವರು ಹಸಿದು ವಾಪಸ್ ಹೋಗ್ತಾರೆ" ಎಂದರು. ಕಣ್ಣಲ್ಲಿ ನೀರು. ನಾನು ಕುಡಿದೆ.

ದಿನವಿಡೀ ಮಾವನ ಕುರ್ಚಿಯಲ್ಲಿ ಕೂತಿರುತ್ತೇನೆ. ಹಳೆಯ ಕಾರಿನ ಸೀಟು ಕಿತ್ತು ಮಾಡಿದ್ದು. ಹದಿನೆಂಟು ವರ್ಷ ಅವರು ಕೂತಲ್ಲಿ ಒಂದು ಹಳ್ಳ ಬಿದ್ದಿದೆ. ನಾನು ಅದರಲ್ಲಿ ಅತ್ತಿತ್ತ ಜಾರುತ್ತೇನೆ. ಅವರ ಕಪ್ಪು ಬೂಟು ನನಗೆ ಚಿಕ್ಕದು, ಕಚ್ಚಿ ಕಚ್ಚಿ ಪಾದವೆಲ್ಲ ಬೊಬ್ಬೆ. ಬೇರೆ ಕೊಳ್ಳೋಣವೆಂದರೆ ಅತ್ತೆ ಕೇಳುವುದಿಲ್ಲ. "ಅದಿನ್ನೂ ನಿಮ್ಮ ಗುರುತು ಹಿಡಿದಿಲ್ಲ. ಹಿಡಿದ ದಿನ ಕಚ್ಚೋದು ಬಿಡುತ್ತೆ" ಎನ್ನುತ್ತಾರೆ.

ದೋಣಿಯ ಹುಟ್ಟು ಹಾಕಿ ಎರಡು ತಿಂಗಳಾಯಿತು. ತೋಳು ಸುಮ್ಮಸುಮ್ಮನೆ ತುಡಿಯುತ್ತವೆ. ಸುಟ್ಟ ಮೀನು, ಮರಗೆಣಸಿನ ಸೊಪ್ಪಿಗೆ ಶೇಂಗಾ ಹಾಕಿ ನೀನು ಮಾಡುವ ಪಲ್ಯ ಕನಸಿನಲ್ಲಿ ಬರುತ್ತವೆ. ಬಲೆಯನ್ನು ಇಲಿ ಕಡಿಯದಂತೆ ನೋಡಿಕೋ.

ನಿನ್ನ ತಮ್ಮ,
ಕಟೊಂಗೊ


ಚಿಶಿ
17 ಜುಲೈ 1995

ತಮ್ಮಾ,

ಒಂದು ವರ್ಷ ಅಂದವನು ಎರಡಾದರೂ ಬರಲಿಲ್ಲ. ಬೈಯಬೇಕೆಂದು ಕೂತಿದ್ದೆ, ಅಷ್ಟರಲ್ಲಿ ನೀನು ಕಳಿಸಿದ ತಗಡುಗಳು ಬಂದವು. ಸಾಲಾಗಿ ದೋಣಿಯಿಂದ ಇಳಿಸುವಾಗ ದಡದಲ್ಲಿ ಇಡೀ ಊರು ನಿಂತಿತ್ತು. ದ್ವೀಪದ ಈ ತುದಿಯಲ್ಲಿ ಹುಲ್ಲಿಲ್ಲದ ಮಾಡು ನಮ್ಮದೊಂದೇ. ಸುಳ್ಳು ಯಾಕೆ, ಎದೆ ಉಬ್ಬಿತು.

ಅವ್ವ ಅರವತ್ತರಲ್ಲೂ ಬೆಳಿಗ್ಗೆ ಆಚೆ ದಡಕ್ಕೆ ಹುಟ್ಟು ಹಾಕಿಕೊಂಡು ಹೋಗಿ ಗೆಣಸಿನ ಹೊಲ ಅಗೆದು ಬರುತ್ತಾಳೆ. ನನಗೇ ಅವಳ ಜೊತೆ ಏಗಲು ಆಗುವುದಿಲ್ಲ. ನೀನು ಕಳಿಸಿದ ಸಕ್ಕರೆ ಬೇಡವಂತೆ, ಹಲ್ಲು ಜುಮ್ಮೆನ್ನುತ್ತದಂತೆ. ಮದುವೆ ಮನೆಗೆ ಕೊಟ್ಟೆ.

ನೀನು ದಪ್ಪಗಾಗಿದ್ದೀಯ ಎಂದು ಮೀನು ವ್ಯಾಪಾರಕ್ಕೆ ಬಂದ ಹೆಂಗಸೊಬ್ಬಳು ಹೇಳಿದಳು. ಒಳ್ಳೆಯದೇ. ಈ ಕಾಲದಲ್ಲಿ ಒಣಗಿದವರನ್ನು ಕಂಡರೆ ಜನ ಆ ಏಡ್ಸ್ ರೋಗ ಎಂದು ಬಾಯಿ ಮುಚ್ಚಿಕೊಂಡು ದೂರ ಸರಿಯುತ್ತಾರೆ. ಒಂದು ಫೋಟೊ ಕಳಿಸು, ಅವ್ವ ನೋಡಬೇಕಂತೆ.

ಮಲಾಮಾ


ಚಿಶಿ
30 ಸೆಪ್ಟೆಂಬರ್ 1996

ತಮ್ಮಾ,

ನಮ್ಮ ಕಾಗದ ಒಯ್ದು ತರುವ ಬಸ್ಸಿನವನ ಕೈಯಲ್ಲಿ ಫೋಟೊ ಬಂತು, ಜೊತೆಗೆ ಒಂದಕ್ಷರವಿಲ್ಲ. ಸೋಂಬೇರಿ.

ಲುಪಾಂಡೊ ಮಾವನ ಹಳೆಯ ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಅವ್ವ ಅದನ್ನು ಕಂಡು ಗಳಗಳನೆ ಅತ್ತಳು. "ನೋಡೇ, ಮೊಣಕಾಲಿನ ಮೇಲೆ ಕೈಯಿಟ್ಟು ಕೂರೋದು, ನಮ್ಮಣ್ಣ ಹಾಗೇನೇ" ಎಂದು ಮಧ್ಯಾಹ್ನವೆಲ್ಲ ಅದರ ಹತ್ತಿರ ಮಾತಾಡಿದಳು. ಆ ಕುರ್ಚಿ, ಆ ಹೊಟ್ಟೆ, ಕುತ್ತಿಗೆಯ ಆ ಮಡಿಕೆ, ನನಗೂ ಮಾವ ಎದುರಿಗೆ ಬಂದು ಕೂತ ಹಾಗಾಯಿತು. ಸಾಯುವ ಒಂದೆರಡು ವರ್ಷ ಮುಂಚೆ ತೆಗೆಸಿದ್ದಿರಬೇಕು ಅಲ್ಲವಾ?

ಅದಿರಲಿ, ನಾವು ಕೇಳಿದ್ದು ನಿನ್ನ ಫೋಟೊ. ಅದನ್ನು ಕಳಿಸು.

ಮಲಾಮಾ


ಮುಫುಲಿರಾ
11 ನವೆಂಬರ್ 1996

ಮಗಳೇ ಮಲಾಮಾ,

ಅದು ನಾನು.

ನಿನ್ನ ಕಾಗದವನ್ನು ನಿಮ್ಮ ಅತ್ತೆಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಣಿದೇಬಿಟ್ಟಳು. ಒಡಹುಟ್ಟಿದವಳೇ ಗುರುತು ಹಿಡಿದಳು, ಇನ್ನೇನು ಬೇಕು ಎಂದಳು. ನಂಬಿಕೆ ಬರದಿದ್ದರೆ ಫೋಟೊದಲ್ಲಿ ಗೋಡೆಯ ಮೇಲಿರುವ ಕ್ಯಾಲೆಂಡರು ನೋಡು.

ಬೆಲ್ಟು ಎರಡನೆಯ ತೂತಿಗೆ ಬಂದಿದೆ. ಸವೆದು ಬೆಳ್ಳಗಾದ ಜಾಗಕ್ಕೇ ಬಕ್ಕಲು ಸರಿಯಾಗಿ ಕೂರುತ್ತದೆ. ಕುರ್ಚಿಯ ಹಳ್ಳದಲ್ಲಿ ಈಗ ಜಾರುವುದಿಲ್ಲ. ಆರು ಚಮಚಕ್ಕಿಂತ ಕಡಿಮೆಯಾದರೆ ಚಹಾ ಕಹಿ ಅನ್ನಿಸುತ್ತದೆ. ಇತ್ತೀಚೆಗೆ ಅಂಗಡಿಯಿಂದ ಮನೆಗೆ ನಡೆಯುವುದನ್ನೂ ಬಿಟ್ಟಿದ್ದೇನೆ, ಮುನ್ನೂರು ಹೆಜ್ಜೆಗೇ ಏದುಸಿರು ಬರುತ್ತದೆ. ಬಾಡಿಗೆ ಕಾರಿನವನು ಬಿಡುತ್ತಾನೆ. ಮಾವನನ್ನೂ ಅವನೇ ಬಿಡುತ್ತಿದ್ದನಂತೆ.

ನೀನು ಚೆನ್ನಾಗಿದ್ದೀಯಾ, ಕೊಕ್ಕರೆ?

ಲುಪಾಂಡೊ


ಚಿಶಿ
28 ನವೆಂಬರ್ 1996

ಕಟೊಂಗೊ,

ಕ್ಯಾಲೆಂಡರು ನೋಡಿದೆ. ಅಂಕಿ ಸಣ್ಣದು, ಬಿಸಿಲಿಗೆ ಹಿಡಿದು ನೋಡಿದೆ. 1996.

ನಿನಗೆ ಇಪ್ಪತ್ತೊಂಬತ್ತು ಕಣೋ. ಮಾವ ಸತ್ತಾಗ ಐವತ್ತೆಂಟು. ಅವ್ವನಿಗೆ ಹೇಳಿದೆ, "ಅವ್ವಾ, ಅದು ಮಾವ ಅಲ್ಲ, ನಿನ್ನ ಮಗ" ಎಂದೆ. ಅವಳು ನನ್ನನ್ನೇ ಮರುಕದಿಂದ ನೋಡಿ, "ಇಬ್ರೂ ಒಂದೇ ಅಲ್ವೇನೆ" ಎಂದು ಮೀನು ತೊಳೆಯಲು ಎದ್ದು ಹೋದಳು.

ಇನ್ನೊಂದು ಮಾತು. ಕೊಕ್ಕರೆ ಎಂದು ನನ್ನನ್ನು ಕರೆದದ್ದು ಪ್ರಪಂಚದಲ್ಲಿ ಮಾವ ಒಬ್ಬರೇ. ಉದ್ದ ಕಾಲಿನವಳೆಂದು ಕೆರೆಯ ಅಂಚಿನಲ್ಲಿ ಛೇಡಿಸುತ್ತಿದ್ದರು. ಅವರು ದ್ವೀಪ ಬಿಟ್ಟು ಹೋದಾಗ ನೀನು ಅವ್ವನ ಹೊಟ್ಟೆಯಲ್ಲಿದ್ದೆ. ಆಮೇಲೆ ಆ ಹೆಸರನ್ನು ಯಾರೂ ಎತ್ತಿಲ್ಲ, ನಾನೂ ಯಾರಿಗೂ ಹೇಳಿಲ್ಲ. ನಿನಗೆ ಹೇಳಿದವರು ಯಾರು?

ಮಗಳೇ ಅಂತ ಬರೆದರೆ ಕಾಗದ ಒಲೆಗೆ ಹಾಕುತ್ತೇನೆ. ತಗಡೂ ಬೇಡ, ಸಕ್ಕರೆಯೂ ಬೇಡ. ಮನೆಗೆ ಬಾ.

ನಿನ್ನ ಅಕ್ಕ, ಅಕ್ಕ, ಅಕ್ಕ


ಚಿಶಿ
6 ಅಕ್ಟೋಬರ್ 1997

ಕಟೊಂಗೊ,

ಇದು ಮೂರನೆಯ ಕಾಗದ. ಹಿಂದಿನ ಎರಡು ಸಿಕ್ಕಿವೆಯೆಂದು ಬಸ್ಸಿನವನು ಆಣೆ ಮಾಡುತ್ತಾನೆ. ಯಾರು ಓದಿ ಎಲ್ಲಿಟ್ಟರೋ.

ಈ ಒಂದು ವರ್ಷದಲ್ಲಿ ನನಗೇ ನಾನು ಬೈದುಕೊಂಡಿದ್ದೇನೆ. ಎರಡು ವರ್ಷವಾದಾಗಲೇ ನಿನ್ನನ್ನು ಎಳೆದು ತರಬೇಕಿತ್ತು. ಹೊಸ ತಗಡಿನ ಮೇಲೆ ಮಳೆ ಬಿದ್ದ ಸದ್ದು ಕೇಳುತ್ತ ಸುಮ್ಮನಾದೆ. ನಾಚಿಕೆಯಾಗುತ್ತದೆ.

ಬದುಕಿದ್ದೀಯ ಎಂದಾದರೂ ಬರೆ.

ಮಲಾಮಾ


ಮುಫುಲಿರಾ
14 ಫೆಬ್ರವರಿ 1998

ಮಗಳೇ,

ಒಳ್ಳೆಯ ಸುದ್ದಿ. ಬೂಟು ಕಚ್ಚುವುದನ್ನು ಬಿಟ್ಟಿತು.

ನಾಲ್ಕೂವರೆ ವರ್ಷ ಹಿಂಡಿದ ಬೂಟು! ಒಂದು ದಿನ ಬೆಳಿಗ್ಗೆ ಹಾಕಿಕೊಂಡೆ, ನೋವೇ ಇಲ್ಲ. ಹಾಕಿಕೊಂಡಿದ್ದೇನೋ ಇಲ್ಲವೋ ಎಂಬುದೂ ಬಗ್ಗಿ ನೋಡಿದರೇ ಗೊತ್ತು. ನಿಮ್ಮ ಅತ್ತೆ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದಳು. "ನೋಡ್ರಮ್ಮಾ, ಪಾದಾನೂ ಬಂತು" ಎಂದಳು. ಅವರು ಬಾಗಿಲಲ್ಲಿ ನಿಂತು ನಾಲಿಗೆ ಆಡಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದರು. ನಾನು ನಾಲ್ಕು ಹೆಜ್ಜೆ ನಡೆದು ತೋರಿಸಿದೆ. ಹತ್ತಿಯ ಮೇಲೆ ನಡೆದ ಹಾಗಿತ್ತು.

ದಾಹ ಜಾಸ್ತಿ. ಕುರ್ಚಿಯ ಪಕ್ಕ ಬಕೆಟ್ಟು ಇಟ್ಟುಕೊಂಡಿದ್ದೇನೆ. ಹಿತ್ತಲ ಗೋಡೆಯ ಬುಡದಲ್ಲಿ ಇರುವೆಗಳು ಬಂದಿವೆ. ಐದು ವರ್ಷ ಕಾಣದಿದ್ದವು ಅದೇ ಜಾಗಕ್ಕೆ ಬಂದಿವೆ ಎಂದು ನಿಮ್ಮ ಅತ್ತೆ ಕೈಮುಗಿದಳು. ಈಗೀಗ ನಾನು ಹೋಗುವ ಮೊದಲೇ ಅವು ಬಂದು ಸಾಲಾಗಿ ಕಾಯುತ್ತವೆ. ಕಂಡರೆ ಹೆದರಿಕೆಯಾಗುತ್ತದೆ, ಆದರೆ ಹೋಗದೆ ಇರಲೂ ಆಗುವುದಿಲ್ಲ.

ಒಂದೇ ಚಿಂತೆ. ಬೆಲ್ಟು ಹಿಂದೆ ಹೋಗುತ್ತಿದೆ. ಮೂರು, ನಾಲ್ಕು, ಮೊನ್ನೆ ಐದನೆಯ ತೂತು. ತಿನ್ನುವುದು ಕಡಿಮೆಯಾಗಿಲ್ಲ, ಮೈ ಮಾತ್ರ ಇಳಿಯುತ್ತಿದೆ. ಬೀದಿಯಲ್ಲಿ ಪಿಸುಪಿಸು ಶುರುವಾಗಿದೆ, ಆ ರೋಗವಂತೆ. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅದೇ ಖಾತ್ರಿಯಾದ ಹಾಗೆ, ಅಂಗಡಿಗೆ ನೊಣವೂ ಬರುವುದಿಲ್ಲ. ಅದಕ್ಕೇ ನಿಮ್ಮ ಅತ್ತೆ ಚಹಾಕ್ಕೆ ಎಂಟು ಚಮಚ ಹಾಕುತ್ತಿದ್ದಾಳೆ, ಊಟಕ್ಕೆ ನೀರಿನ ಬದಲು ಸೋಡಾ ಕೊಡುತ್ತಾಳೆ. ಮೈ ಹತ್ತಲಿ ಎಂದು.

ಕೊಕ್ಕರೆ ಎಂಬ ಹೆಸರು ಯಾರು ಹೇಳಿದರು ಎಂದು ನೀನು ಕೇಳಿದ್ದೆ. ಯಾರೂ ಹೇಳಲಿಲ್ಲ. ಬರೆಯುವಾಗ ಪೆನ್ನಿಗೆ ಬಂತು.

ಲುಪಾಂಡೊ


ಚಿಶಿ
2 ಏಪ್ರಿಲ್ 1998

ಕಟೊಂಗೊ,

ನಿನ್ನ ಕಾಗದ ಹಿಡಿದುಕೊಂಡು ದವಾಖಾನೆಗೆ ಓಡಿದೆ. ಇಲ್ಲಿಗೆ ಬೇಸಾ ಎಂಬ ನರ್ಸು ಬಂದಿದ್ದಾಳೆ, ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಓದಿದಳು. ಇರುವೆಯ ಸಾಲಿಗೆ ಬಂದಾಗ ಮುಖ ಬದಲಾಯಿತು.

"ಇರುವೆ ಯಾಕೆ ಬರ್ತವೆ ಹೇಳು?" ಎಂದಳು.

"ಸಿಹಿಗೆ" ಎಂದೆ.

"ಮತ್ತೆ ಇನ್ನೇನು ಹೇಳಲಿ? ನಿನ್ನ ತಮ್ಮನ ರಕ್ತದಲ್ಲಿ ಸಕ್ಕರೆ ತುಂಬಿ ಉಚ್ಚೇಲಿ ಹರೀತಿದೆ. ಅದಕ್ಕೇ ದಾಹ, ಅದಕ್ಕೇ ಮೈ ಇಳಿಯೋದು. ನಿಮ್ಮ ಮಾವಂಗೂ ಇದೇ ಆಗಿತ್ತು ಕಣೆ. ಮಾಟಾನೂ ಅಲ್ಲ, ಮಣ್ಣೂ ಅಲ್ಲ. ನಿಮ್ಮ ಮನೆತನದಲ್ಲಿ ಬೀಜ ಇರಬಹುದು. ಆದ್ರೆ ಬೀಜ ಇದ್ದ ಮಾತ್ರಕ್ಕೆ ಮೊಳೆಯುತ್ತಾ? ನೀರು ಹಾಕ್ಬೇಕು. ಅಲ್ಲಿ ಕೂರ್ಸಿ ಕೂರ್ಸಿ ಹಾಕ್ತಿದಾರೆ."

ಅವ್ವನ ಬೆರಳು ಚುಚ್ಚಿ ನೋಡಿದಳು. ಏನೂ ಇಲ್ಲ. ಯೋಚನೆ ಮಾಡು ತಮ್ಮಾ. ಒಂದೇ ಬಸಿರು, ಒಂದೇ ದಿನ ಹುಟ್ಟಿದ ಇಬ್ಬರು. ಒಬ್ಬಳು ದ್ವೀಪದಲ್ಲಿ ಗೆಣಸು, ಸೊಪ್ಪು, ಮೀನು ತಿಂದು ಹುಟ್ಟು ಹಾಕುತ್ತಿದ್ದಾಳೆ. ಇನ್ನೊಬ್ಬರು ಆ ಕುರ್ಚಿಯಲ್ಲಿ ಕೂತು ಆರು ಚಮಚ ಕುಡಿದು ಮಣ್ಣಾಗಿ ಐದು ವರ್ಷ. ನಿನ್ನೊಳಗೆ ಬಂದಿರುವುದು ಮಾವ ಅಲ್ಲ. ಮಾವನ ತಟ್ಟೆ.

ಬೂಟಿನ ಮಾತು ಕೇಳಿ ಬೇಸಾ ಎದ್ದೇ ನಿಂತಳು. ಬೂಟು ಸರಿಹೋದದ್ದಲ್ಲವಂತೆ, ನಿನ್ನ ಪಾದಕ್ಕೆ ನೋವು ಗೊತ್ತಾಗುವುದು ನಿಂತಿದೆಯಂತೆ. ಒಳಗೆ ಹುಣ್ಣಾದರೂ ತಿಳಿಯುವುದಿಲ್ಲವಂತೆ. ಇವತ್ತೇ ಬೂಟು ಬಿಚ್ಚು, ಕನ್ನಡಿ ಹಿಡಿದು ಅಂಗಾಲು ನೋಡು, ಆಸ್ಪತ್ರೆಗೆ ಹೋಗು. ಜನ ಏನಂದರೆ ನಿನಗೇನು? ಸತ್ತ ಮೇಲೆ ಅವರೇ ಬಂದು ಮುದ್ದೆ ತಿಂದು ಹೋಗುತ್ತಾರೆ.

ಅಕ್ಕ


ಮುಫುಲಿರಾ
5 ಏಪ್ರಿಲ್ 1998

ಮಗಳೇ,

ನಿನ್ನಿಂದ ಉತ್ತರ ಬಂದಿಲ್ಲ. ಆದರೂ ಬರೆಯದೆ ಇರಲಾರೆ. ಮೊನ್ನೆ ನಡೆದದ್ದನ್ನು ಯಾರಿಗಾದರೂ ಹೇಳಬೇಕು.

ಮಧ್ಯಾಹ್ನದ ಹೊತ್ತು. ಗಿರಾಕಿಗಳು ಇರಲಿಲ್ಲ. ನಾನು ಫ್ರಿಜ್ಜಿನಿಂದ ಸೋಡಾ ತೆಗೆದುಕೊಂಡು ಕುರ್ಚಿಗೆ ಬಂದು ಕೂತೆ, ಅಷ್ಟೆ. ತಲೆಯೆತ್ತಿದರೆ ಸಿಮೆಂಟು ನೆಲದ ಮೇಲೆ ಹೆಜ್ಜೆ ಗುರುತು! ಒದ್ದೆ, ಕೆಂಪಗೆ, ಬರೀ ಬಲಗಾಲಿನದು. ಬಾಗಿಲಿನಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ನನ್ನ ಕುರ್ಚಿಗೆ. "ಯಾರು ಬಂದ್ರು?" ಎಂದು ಕೂಗಿದೆ. ಒಳಗಿನಿಂದ ನಿಮ್ಮ ಅತ್ತೆ ಬಂದು ನೋಡಿ ಹಾಗೇ ಮೊಣಕಾಲೂರಿದಳು. "ಬಂದ್ರು, ಪೂರ್ತಿ ಬಂದ್ರು" ಎಂದು ಆ ಗುರುತಿನ ಪಕ್ಕದ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಳು. ಮಾವನ ಬೂಟಿನದೇ ಅಚ್ಚು, ಹಿಮ್ಮಡಿಯಲ್ಲಿ ಆ ಮುರಿದ ಗೆರೆ ಸಮೇತ. ಗುರುತುಗಳು ಕುರ್ಚಿಯ ಮುಂದೆ ನಿಂತುಬಿಟ್ಟಿದ್ದವು. ಅಲ್ಲಿಂದ ಆಚೆಗೆ ಹೋಗಿರಲಿಲ್ಲ.

ಆಮೇಲೆ ಇರುವೆಗಳು ಒಳಗೆ ಬಂದವು. ಆ ಹೆಜ್ಜೆಗಳ ಮೇಲೆಯೇ ಒಂದೊಂದಾಗಿ ನಡೆದು ನನ್ನ ತನಕ ಬಂದವು.

ನನಗೆ ಚಳಿ ಹಿಡಿದಿದೆ. ಕಣ್ಣು ಮಂಜು. ಬೆಲ್ಟು ಏಳನೆಯ ತೂತಿನಲ್ಲಿದೆ.

ಲುಪಾಂಡೊ


ಚಿಶಿ
19 ಏಪ್ರಿಲ್ 1998

ಅದು ನಿನ್ನ ರಕ್ತ ಕಣೋ ಕತ್ತೆ. ನಿನ್ನದೇ ಹೆಜ್ಜೆ. ಬೂಟಿನೊಳಗೆ ಏನೋ ಚುಚ್ಚಿದೆ. ಬಿಚ್ಚು. ನಿನ್ನ ಕಾಲಿಗೆ ಬೀಳುತ್ತೇನೆ, ಈ ಕಾಗದ ಓದಿ ಕೆಳಗಿಡುವ ಮೊದಲು ಬಿಚ್ಚು.

ಮಲಾಮಾ


ಮುಫುಲಿರಾ, ಆಸ್ಪತ್ರೆ
23 ಮೇ 1998

ಅಕ್ಕಾ,

ನಿನ್ನ ದೊಡ್ಡ ಕಾಗದಕ್ಕಿಂತ ಮೊದಲು ಸಣ್ಣದು ಬಂತು. ಬಸ್ಸಿನವನೇ ಅಂಗಡಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ನನಗೆ ಅಕ್ಷರ ಕಾಣುತ್ತಿರಲಿಲ್ಲ. ಕತ್ತೆ ಎಂದು ಕೇಳಿದ ಕೂಡಲೇ ಕಣ್ಣಲ್ಲಿ ನೀರು ಬಂತು. ಐದು ವರ್ಷದಿಂದ ನನ್ನನ್ನು ಯಾರೂ ಬೈದಿರಲಿಲ್ಲ.

ಬೂಟು ಬಿಚ್ಚಲು ಬರಲಿಲ್ಲ, ಅಂಟಿಕೊಂಡಿತ್ತು. ಬಸ್ಸಿನವನು ಚಾಕು ಹಾಕಿ ಸೀಳಿದ. ಹಿಮ್ಮಡಿಯ ಮೊಳೆ ಮೇಲೆದ್ದು ಅರ್ಧ ಬೆರಳು ಒಳಗೆ ಹೋಗಿತ್ತು. ಎಷ್ಟು ದಿನದಿಂದಲೋ ಅದನ್ನು ತುಳಿಯುತ್ತ ತಿರುಗಿದ್ದೇನೆ. ವಾಸನೆಗೆ ಅಂಗಡಿಯಲ್ಲಿದ್ದವರು ಹೊರಗೆ ಹೋದರು. ಕಾಲು ಕಪ್ಪಾಗಿತ್ತು, ಅವ್ವ ಮಾವನ ಬಗ್ಗೆ ಹೇಳಿದ ಹಾಗೇ.

ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿದದ್ದೇ ಹೆಚ್ಚು ಎಂದರು ಡಾಕ್ಟರು. ನಿನ್ನ ಬೇಸಾ ಹೇಳಿದ್ದನ್ನೇ ಅವರೂ ಹೇಳಿದರು, ಇನ್ನೂ ಜೋರಾಗಿ. ಆ ರೋಗವೂ ಇಲ್ಲವಂತೆ, ನೋಡಿದರಂತೆ. ದಿನಾ ಸೂಜಿ, ಲೆಕ್ಕದ ಊಟ, ಇನ್ನು ಸಕ್ಕರೆ ಮುಟ್ಟಿದರೆ ಇನ್ನೊಂದು ಕಾಲು, ಆಮೇಲೆ ನಾನು.

ಅಕ್ಕಾ, ಕತ್ತರಿಸಿದ ಕಾಲನ್ನು ಅತ್ತೆ ಬೇಡಿ ತೆಗೆದುಕೊಂಡರು. ಬಿಳಿ ಬಟ್ಟೆಯಲ್ಲಿ ಸುತ್ತಿ, ಸೀಳಿದ ಬೂಟನ್ನು ಹೊಲಿಸಿ ಅದಕ್ಕೆ ತೊಡಿಸಿ, ಮಾವನ ಗೋರಿಯ ಪಕ್ಕ ಹೂಳಿಸಿದ್ದಾರೆ. ಜನ ಬಂದು ಹಾಡಿದರಂತೆ. ನಾನು ಇಲ್ಲಿ ಮಲಗಿದ್ದೇನೆ, ಅಲ್ಲಿ ನನ್ನ ಅಂತ್ಯಕ್ರಿಯೆ ಶುರುವಾಗಿದೆ. ಇಲ್ಲದ ಪಾದವನ್ನು ಆ ಬೂಟು ಈಗ ಕಚ್ಚುತ್ತದೆ. ಆಣೆ ಮಾಡಿ ಹೇಳುತ್ತೇನೆ, ಮೊದಲಿನ ಹಾಗೇ ಕಚ್ಚುತ್ತದೆ.

ಅತ್ತೆ ಕೆಟ್ಟವರಲ್ಲ. ಗಂಡನನ್ನು ಇನ್ನೊಂದು ಸಲ ಕಳೆದುಕೊಳ್ಳಲಾರರು, ಅಷ್ಟೆ. ದಿನಾ ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ. "ಇದು ಡಾಕ್ಟರಿಗೆ ಗೊತ್ತಾಗೋ ವಿಷಯ ಅಲ್ಲ, ಕುಡೀರಿ" ಎನ್ನುತ್ತಾರೆ. ನರ್ಸು ಎರಡು ಸಲ ಹಿಡಿದು ಚೆಲ್ಲಿದ್ದಾಳೆ. ಮುಂದಿನ ತಿಂಗಳು ಮನೆಗೆ ಕಳಿಸುತ್ತಾರೆ. ಅಲ್ಲಿ ಕುರ್ಚಿ ಇದೆ, ಉಳಿದ ಎಡಗಾಲಿನ ಬೂಟು ಇದೆ. ಲುಪಾಂಡೊ ಹೇಗೆ ಬೇಡ ಅನ್ನುತ್ತಾನೆ? ದ್ವೀಪಕ್ಕೆ ಓಡಿ ಬರೋಣವೆಂದರೆ ಹೆಸರು ಹೊತ್ತವನು ಆ ಮನೆ ಬಿಡುವ ಹಾಗಿಲ್ಲ. ಹೆಸರನ್ನು ಕೆಳಗಿಡಲು ಒಂದೇ ದಾರಿ, ಅದು ನಿನಗೂ ಗೊತ್ತು.

ಆಸ್ಪತ್ರೆ ಬಟ್ಟೆಗೆ ಬೆಲ್ಟು ಬೇಕಿಲ್ಲ. ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವ್ವನ ಹತ್ತಿರ ಇರಲಿ. ಯಾಕೆ ಕಳಿಸುತ್ತಿದ್ದೇನೆಂದು ನನಗೇ ಗೊತ್ತಿಲ್ಲ. ಹೆದರಿಕೆಯಾಗುತ್ತಿದೆ ಅಕ್ಕಾ.

ಕಟೊಂಗೊ


ಚಿಶಿ ದ್ವೀಪ
7 ಜೂನ್ 1998

ಕಟೊಂಗೊ,

ಬೆಲ್ಟು ಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ದಿನ ಕೂತೆ. ಮರುದಿನ ಊರ ಹಿರಿಯರನ್ನು ಕರೆಸಿ, ಕಾಲು ಹೋದವನು ಹೆಸರು ಹೊರಲಾರ, ನನಗೆ ಕಟ್ಟಿ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಂಗಸಿಗೆ ಗಂಡಸಿನ ಬೆಲ್ಟಾ? ನಾಳೆ ಗಡ್ಡಾನೂ ಬಿಡ್ತೀಯೇನಮ್ಮ?" ಎಂದು ಮುದುಕನೊಬ್ಬ ಕೇಳಿದ. "ಬಂದ್ರೆ ಬಿಡ್ತೀನಿ. ನಿನಗಿಂತ ಚೆನ್ನಾಗಿ ಬರುತ್ತೆ" ಎಂದೆ.

ಆಗ ಅವ್ವ ಎದ್ದಳು. ಕಟೊಂಗೊ, ಅವಳಿಗೆ ನಾನು ಎಲ್ಲವನ್ನೂ ಓದಿ ಹೇಳಿದ್ದೆ. ಕಾಲನ್ನು ಹೂಳಿದ್ದು ಕೇಳಿದಾಗ ಮಾತ್ರ ಅವಳು ಅತ್ತದ್ದು. ಐದು ವರ್ಷದಲ್ಲಿ ಮೊದಲ ಸಲ "ನನ್ನ ಮಗ" ಎಂದಳು. ಹಿರಿಯರಿಗೆ ಹೇಳಿದಳು: "ಅವನ ಜೊತೆ ಒಂದೇ ಹೊಟ್ಟೇಲಿ ಒಂಬತ್ತು ತಿಂಗಳು ಮಲಗಿದ್ದು ನೀವಾ, ನಾನಾ? ಅವನು ಯಾರ ಮೇಲೆ ಬರ್ಬೇಕು ಅಂತ ನಾನು ಹೇಳ್ತೀನಿ." ನಕ್ಕಿದ್ದ ಮುದುಕ ಸರಿದು ಅವಳಿಗೆ ಜಾಗ ಬಿಟ್ಟ. ಅವಳೇ ಕೆರೆಯ ನೀರು ಕುಡಿಸಿ ಬೆಲ್ಟು ಕಟ್ಟಿದಳು.

ಎಂಟನೆಯ ತೂತಿಗೆ ಕೂತಿತು. ನಿನಗಾಗಿ ಅತ್ತೆ ಚುಚ್ಚಿದ್ದು.

ನಿಜ ಹೇಳುತ್ತೇನೆ, ಅವತ್ತು ಮಧ್ಯಾಹ್ನ ನನಗೆ ವಿಪರೀತ ದಾಹವಾಯಿತು. ಎರಡು ಬೋಗುಣಿ ಕುಡಿದೆ, ಮೂರು ಕುಡಿದೆ, ತೀರಲಿಲ್ಲ. ಮನೆಯ ಹಿಂದೆ ಹೋಗಿ ಬಂದು ನೆಲವನ್ನೇ ನೋಡುತ್ತ ನಿಂತೆ. ಒಂದು ಇರುವೆ ಬಂತು. ನಿಂತಿತು. ಮೀಸೆ ಆಡಿಸಿತು. ಆಮೇಲೆ ತನ್ನ ದಾರಿ ಹಿಡಿದು ಹೋಯಿತು. ಬೇಸಾಳ ಹತ್ತಿರ ಓಡಿದೆ. ಬೆರಳು ಚುಚ್ಚಿ ನೋಡಿ, "ಬೆಳಿಗ್ಗೆ ಎಷ್ಟು ಉಪ್ಪಿನ ಒಣಮೀನು ತಿಂದೆ?" ಎಂದು ಗದರಿದಳು. ಐದು ತಿಂದಿದ್ದೆ.

ಅವ್ವ ಈಗ ನನ್ನನ್ನು ಅಣ್ಣಾ ಎನ್ನುತ್ತಾಳೆ. ಒಲೆ ಊದುತ್ತ, ಈ ಕಡೆ ತಿರುಗದೆ, "ಕಾಲು ನೋಯ್ತಿದೆಯಾ ಅಣ್ಣಾ?" ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. ಬಲಗಾಲನ್ನು ಮಾತ್ರ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ. ಮಾವ ಬರುವುದಾದರೆ ಬರಲಿ. ಇಲ್ಲಿ ಅವರಿಗೆ ಸಕ್ಕರೆ ಇಲ್ಲ, ಕುರ್ಚಿ ಇಲ್ಲ. ಗೆಣಸಿನ ಮುದ್ದೆ, ಸೊಪ್ಪು, ಸುಟ್ಟ ಮೀನು, ಬೆಳಗಿನಿಂದ ಸಂಜೆಯವರೆಗೆ ಹುಟ್ಟು. ಈ ಊಟ ಉಂಡೇ ಅವರು ಹುಟ್ಟಿ ಬೆಳೆದದ್ದು. ಇದ್ದರೆ ಇರುತ್ತಾರೆ, ಹಸಿವಾದರೆ ಹೋಗುತ್ತಾರೆ.

ಈ ಕಾಗದವನ್ನು ಕಸೂಬಾಳ ಎದುರಿಗೆ ಬಸ್ಸಿನವನ ಕೈಯಲ್ಲಿ ಗಟ್ಟಿಯಾಗಿ ಓದಿಸು. ಇಲ್ಲಿಂದ ಮುಂದಿನದು ಅವಳಿಗೂ.

ಕಸೂಬಾ, ನೀನು ನನ್ನನ್ನು ಚೆನ್ನಾಗಿ ನೋಡಿಕೊಂಡೆ. ಆರು ಚಮಚಕ್ಕೆ ಒಂದು ದಿನವೂ ಕಡಿಮೆ ಮಾಡಲಿಲ್ಲ. ಇನ್ನು ಸಾಕು, ಹೊಟ್ಟೆ ತುಂಬಿದೆ. ಅಂಗಡಿ, ಮನೆ ನಿನ್ನದು. ಕುರ್ಚಿ ಒಡೆದು ಒಲೆಗೆ ಹಾಕು. ಎಡಗಾಲಿನ ಬೂಟನ್ನೂ ಬಲಗಾಲಿನದರ ಪಕ್ಕ ಹೂಳು. ನಿನ್ನ ಚಹಾಕ್ಕೂ ಸಕ್ಕರೆ ಕಡಿಮೆ ಮಾಡು, ನಿನಗೂ ದಾಹ ಜಾಸ್ತಿಯಾಗಿದೆ ಎಂದು ಬಸ್ಸಿನವನು ಹೇಳಿದ.

ಅಳಿಯಾ ಕಟೊಂಗೊ, ನನ್ನ ಹೆಸರು ನಿನ್ನ ಮೇಲಿಲ್ಲ, ನಾನು ಎತ್ತಿಕೊಂಡಿದ್ದೇನೆ. ನನ್ನ ಮನೆ ಬಿಟ್ಟು ಹೊರಡು. ಇದು ಹಿರಿಯನ ಮಾತು, ಮೀರುವ ಹಾಗಿಲ್ಲ. ಇಪ್ಪತ್ತೆಂಟನೆಯ ತಾರೀಕು, ಬಸ್ಸು ನಿಲ್ಲುವ ಸಮ್‌ಫ್ಯಾದ ದಡದಲ್ಲಿ ದೋಣಿ ಕಾಯುತ್ತಿರುತ್ತದೆ. ಸೂಜಿಯ ಮದ್ದು ತಣ್ಣಗಿರಲೆಂದು ಬೇಸಾ ಮಡಕೆಯೊಂದನ್ನು ಒದ್ದೆ ಮರಳಿನಲ್ಲಿ ಹೂತಿಟ್ಟಿದ್ದಾಳೆ. ಹುಟ್ಟು ಹಾಕಲು ಕಾಲು ಬೇಕಿಲ್ಲ, ತೋಳು ಸಾಕು. ಬಲೆ ಹಾಗೇ ಇದೆ, ಇಲಿ ಮುಟ್ಟಿಲ್ಲ.

ನಿನ್ನ ಸೋದರಮಾವ,
ಲುಪಾಂಡೊ